ಬೆಳ್ಳಿ ಬಟ್ಟಲಿನ ಹೆಪ್ಪು

"ಗುರುಗಳೇ, ತೀರಿಹೋದವರನ್ನು ನನ್ನಷ್ಟು ಚೆನ್ನಾಗಿ ನೆನೆಯುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?" ಎಂದು ಬೋರಲಿಂಗ ಕೇಳಿದ.

ಅವನ ಅಜ್ಜಿ ಪುಟ್ಟತಾಯಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಒಂಬತ್ತು ಮೊಮ್ಮಕ್ಕಳನ್ನು ಸಾಕಿದವಳು. ನಲವತ್ತು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಊರ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದಳು. ಯಾರಾದರೂ ಕಾಯಿಲೆ ಬಿದ್ದರೆ ಕರೆಯದೆಯೇ ಹೋಗಿ ಗಂಜಿ ಕಾಯಿಸುತ್ತಿದ್ದಳು. ಈಗ ಆ ಕೋಣೆಗೆ ಬೋರಲಿಂಗ ಬೀಗ ಹಾಕಿದ್ದ. ಸ್ಲೇಟು, ಬಳಪ, ಅವಳು ಕೂರುತ್ತಿದ್ದ ಮಣೆ ಇದ್ದಲ್ಲೇ ಇದ್ದವು. ಕೀಲಿ ಅವನ ಕೊರಳಲ್ಲಿತ್ತು.

"ಒಂದು ನೊಣವನ್ನೂ ಒಳಗೆ ಬಿಟ್ಟಿಲ್ಲ. ಸುತ್ತ ಏಳು ಹಳ್ಳಿಯಲ್ಲಿ ಇಂಥ ಮೊಮ್ಮಗನನ್ನು ತೋರಿಸಿ ನೋಡೋಣ!" ಎಂದ.  ಧೂಳು ಬಿದ್ದವನಂತೆ ಕಣ್ಣು ಒರೆಸಿಕೊಂಡ.

ಗುರುಗಳು ಹೇಳಿದರು:

ಒಂದು ಊರು. ಹನ್ನೊಂದು ಮನೆ, ಎಲ್ಲ ಒಂದೇ ವಂಶ. ಊರಾಚೆ ಅಗಸರ ಹೆಂಗಸಿನ ಗುಡಿಸಲು. ಎಲ್ಲರ ಹಾಲಿಗೂ ಒಬ್ಬ ಮುದುಕಿಯ ಮನೆಯ ಹೆಪ್ಪೇ ಬೀಳಬೇಕು. ಅಂಥ ಮೊಸರು ಬೇರೆಲ್ಲೂ ಇರಲಿಲ್ಲ. ಮುದುಕಿ ಆ ಗುಡಿಸಲಿಗೂ ಒಯ್ದು ಕೊಡುತ್ತಿದ್ದಳು.

"ಅವಳ ಬಾಗಿಲಿಗೆ ನೀನು ಹೋಗುವುದೇನವ್ವ, ನಮ್ಮ ಮಾನ ಕಳೆಯೋದಕ್ಕೆ!" ಎಂದು ಮಗ ರೇಗುತ್ತಿದ್ದ. ಅವಳು ನಕ್ಕು, ಬಟ್ಟಲಿಗೆ ಸೆರಗು ಮುಚ್ಚಿ ಹೊರಡುತ್ತಿದ್ದಳು.

ಮುದುಕಿ ಸತ್ತಳು. ಸೂತಕ ಹನ್ನೊಂದು ಮನೆಗೂ ಬಂತು. ಮಗನೇ ಮುಂದೆ ನಿಂತು ಎಲ್ಲರ ಹಾಲು ಮೊಸರು ಚೆಲ್ಲಿಸಿದ, ಮಡಕೆ ಒಡೆಸಿದ. ಸೂತಕ ಕಳೆದು ಹಾಲು ಕಾಯಿಸಿದರೆ ಹೆಪ್ಪಿಲ್ಲ. ಪಕ್ಕದ ಊರಿನಿಂದ ತಂದರು. ಆ ಮೊಸರಿನ ಒಂದು ತುತ್ತು ಬಾಯಿಗಿಟ್ಟು ಮಗ ಎಲೆ ಬಿಟ್ಟು ಎದ್ದ. ಬಟ್ಟಲು ಹಿಡಿದು ಗುಡಿಸಲಿಗೆ ಹೋದ.

"ಓಹೋ, ಯಜಮಾನರ ಸವಾರಿ! ದಾರಿ ಗೀರಿ ತಪ್ಪಿತಾ?" ಎಂದಳು ಅಗಸರವಳು. ಅವನ ಕಣ್ಣಲ್ಲಿ ನೀರು ಕಂಡು ಬಟ್ಟಲು ಇಸಿದುಕೊಂಡಳು. ಗಡಿಗೆಯಿಂದ ತೋಡಿ ಹಾಕಿದಳು. "ಅಳಬೇಡ, ತಗೋ. ನಿಮ್ಮವ್ವಂದೇ."

ಅವನು ನಾಲಿಗೆಗೆ ಮುಟ್ಟಿಸಿಕೊಂಡ. ಅವ್ವನದೇ.

ಮನೆಗೆ ಬಂದು ಅದನ್ನು ಬೆಳ್ಳಿ ಬಟ್ಟಲಿಗೆ ಹಾಕಿ, ದೇವರ ಗೂಡಿನಲ್ಲಿಟ್ಟು ಕದ ಮುಚ್ಚಿದ. ನೆಂಟರು ಹೆಪ್ಪು ಕೇಳಿ ಬಂದರೆ, "ಅವ್ವನ ಕೊನೆಯ ಗುರುತು, ಕಂಡಕಂಡ ಹಾಲಿಗೆ ಹಾಕುವುದಕ್ಕಲ್ಲ" ಎಂದು ಕಳಿಸಿದ. ಗುಡಿಸಲಿಗೆ ಹೋಗಿ ಕೈಯೊಡ್ಡಲು ಅವರಿಗೆ ಮಾನ ಅಡ್ಡ ಬಂತು.

ತಿಂಗಳು ಕಳೆದು ಕದ ತೆರೆದ. ಬಟ್ಟಲಲ್ಲಿ ಹಸಿರು ಬೂಷ್ಟು. ಮತ್ತೆ ಗುಡಿಸಲಿಗೆ ಓಡಿದ. ಗಡಿಗೆ ಗೋಡೆಯ ಪಕ್ಕ ಬೋರಲಾಗಿತ್ತು.

"ಎಮ್ಮೆ ಬತ್ತಿ ಹದಿನೈದು ದಿನ ಆಯಿತಲ್ಲಪ್ಪ" ಎಂದಳು ಅಗಸರವಳು. "ಅದು ಕರು ಹಾಕಿದ ಮೇಲೆ ಹೆಪ್ಪಿಗೆ ನಿನ್ನ ಹತ್ತಿರವೇ ಬರೋಣ ಅಂತಿದ್ದೆ."

ಗುರುಗಳು ಅಲ್ಲಿಗೇ ನಿಲ್ಲಿಸಿದರು.

ಬೋರಲಿಂಗನ ಕೈ ಕೊರಳ ಕೀಲಿಯ ಮೇಲಿತ್ತು. "ಅದು ಮೊಸರಿನ ಮಾತು. ನನ್ನ ಕೋಣೆಯಲ್ಲಿ ಬೂಷ್ಟು ಹಿಡಿಯುವಂಥದ್ದು ಏನಿದೆ?" ಎಂದ.

"ಆ ಕೋಣೆಯ ಮಕ್ಕಳು ಈಗ ಎಲ್ಲಿ ಕೂತು ಬರೆಯುತ್ತಿದ್ದಾರೆ, ಬೋರಲಿಂಗ?"