ಹಾಡದ ದಿಬ್ಬ

ಕಡವಿನಹಾಳದ ಚರ್ಚಿನ ಹಿಂದೆ, ಹೊಳೆಗೆ ಮುಖಮಾಡಿ ಒಂದು ಗಿಡ್ಡನೆಯ ದಿಬ್ಬವಿದೆ. ಬೆಳಗಿನ ಮಂಜಿನಲ್ಲಿ ಅದು ನೀರಿನ ಮೇಲೆ ತೇಲುತ್ತಿದೆಯೋ ಎನಿಸುತ್ತದೆ. ಊರವರು ಅದನ್ನು ಹಾಡದ ದಿಬ್ಬ ಎನ್ನುತ್ತಾರೆ. ಹೊಸಬರಿಗೆ ಇದು ಸೋಜಿಗ. ನಮ್ಮ ಸಭೆಯವರಿಗೆ ಹಾಡಿನ ಹುಚ್ಚು ಎಷ್ಟೆಂದರೆ ತೊಟ್ಟಿಲಿಗೂ ಹಾಡು, ಬಿತ್ತನೆಗೂ ಹಾಡು, ಹೆಣದ ಮುಂದೆ ಕೂಡ ನಾಲ್ಕು ಹಾಡು ಮುಗಿಯದೆ ಯಾರೂ ಏಳುವುದಿಲ್ಲ. ನಾನೂ ಅದೇ ಪೈಕಿ, ಸುಳ್ಳೇಕೆ ಹೇಳಲಿ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆಯ ಮಾತೇ ಇಲ್ಲದ ಕಾಲದಲ್ಲಿ, ಸಂತೆಗೆ ಹೊರಟ ದೊಡ್ಡ ಹರಿಗೋಲೊಂದು ಸುಳಿಗೆ ಸಿಕ್ಕಿ ಮಗುಚಿತಂತೆ. ಎಲ್ಲ ಓಣಿಗಳಿಂದ ಹತ್ತೊಂಬತ್ತು ಮಂದಿ ನೀರುಪಾಲಾದರು. ಹದಿನೆಂಟು ಹೆಣ ಸಿಕ್ಕವು. ಕರುಣಮ್ಮನೆಂಬ ವಿಧವೆಯ ಒಬ್ಬಳೇ ಮಗಳು ಸುಗುಣ ಮಾತ್ರ ಸಿಗಲಿಲ್ಲ. ಮಣ್ಣು ಕೊಡಲು ದೇಹವಿಲ್ಲ, ದೇಹವಿಲ್ಲದೆ ಸಭೆಯ ಪ್ರಾರ್ಥನೆಯೂ ಇಲ್ಲ. ಆ ತಾಯಿಗೆ ಮಗಳನ್ನು ಬೀಳ್ಕೊಡುವ ದಾರಿಯೇ ಇಲ್ಲವಾಯಿತು.

ಭಾನುವಾರ ಬಂತು. ಸಭೆಯ ಉಪದೇಶಿ ಯೋಬಪ್ಪ, ಒಳ್ಳೆಯವನೇ ಪಾಪ, ಜನ ಕುಗ್ಗಬಾರದೆಂದು ಸುಗ್ಗಿಯ ಸ್ತೋತ್ರವನ್ನು ಎತ್ತಿಕೊಂಡ. ಎಂಥ ಕೆಲಸ ಮಾಡಿದ ನೋಡಿ! ರೂಢಿ ಬಿಡದ ಜನ ಹಾಡತೊಡಗಿದರು. ಎರಡನೆಯ ಚರಣಕ್ಕೆ ಕರುಣಮ್ಮ ಎದ್ದು ನಿಂತಳು.

“ನಿಲ್ಲಸ್ರಿ ಅಯ್ಯನೋರ. ನನ್ನ ಮಗಳು ಇನ್ನೂ ಹೊಳ್ಯಾಗ ಅದಾಳ.”

ಅಷ್ಟು ಹೇಳಿ ಹೊರಗೆ ನಡೆದು ದಿಬ್ಬ ಹತ್ತಿದಳು. ಅಲ್ಲಿ ಆಗಲೇ ಅಂಬಿಗರ ಓಣಿಯವರು, ಹತ್ತಿ ಹಿಂಜುವ ನದಾಫರ ಓಣಿಯವರು ತಮ್ಮವರನ್ನು ನುಂಗಿದ ನೀರನ್ನು ನೋಡುತ್ತ ಕೂತಿದ್ದರು. ಯೋಬಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಪುಸ್ತಕ ಮುಚ್ಚಿ ಅವಳ ಹಿಂದೆ ಹೊರಟ, ಅವನ ಹಿಂದೆ ಇಡೀ ಸಭೆ ಹೊರಟಿತು. ಬಿಸಿಲು ಏರಿತು, ಇಳಿಯಿತು. ಹೊಳೆ ಹರಿಯುವುದನ್ನೇ ಮರೆತಿತ್ತು ಎನ್ನುತ್ತಾರೆ. ಕೂತವರಿಗೆ ತಮ್ಮ ಓಣಿ ಯಾವುದೆಂಬ ನೆನಪೂ ಉಳಿಯಲಿಲ್ಲವಂತೆ. ಸಂಜೆಯ ಹೊತ್ತಿಗೆ ಉಪದೇಶಿ ಮೊಣಕಾಲೂರಿದ.

“ದೇವರೇ, ನಮಗ ಹಾಡಾಕ ಆಗವಲ್ದು. ನೀನ ಬಂದು ನಮ್ಮ ಜೋಡಿ ಕುಂದ್ರು.”

ಆ ದಿನದ ಆರಾಧನೆ ಅಷ್ಟೇ. ಕರುಣಮ್ಮ ಆಗ ಮೊದಲ ಸಲ ಗಳಗಳನೆ ಅತ್ತಳು. ಅವಳೊಂದಿಗೆ ಎಲ್ಲರೂ ಅತ್ತರು.

ಊರಿಗೆ ಅಂಥ ದುಃಖ ಬಂದಾಗ ಇಂದಿಗೂ ಸಭೆ ಸೇರುವುದು ದಿಬ್ಬದ ಮೇಲೆಯೇ. ಯಾವ ಓಣಿಯವರಾದರೂ ಬಂದು ಕೂರಬಹುದು, ಹಾಡು ಮಾತ್ರ ಇಲ್ಲ. ಹೊಳೆಯ ಕಡೆಯ ಕಲ್ಲುಹಾಸಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟಿರುವುದನ್ನು ಬಂದವರು ನೋಡಬಹುದು. ಕರುಣಮ್ಮ ಬದುಕಿದ್ದ ತನಕ ತನ್ನ ಪಕ್ಕದಲ್ಲಿ ಬಿಡುತ್ತಿದ್ದ ಜಾಗ ಅದು. ಇದು ಮಗಳಿಗೋ ದೇವರಿಗೋ ಎಂದು ಯೋಬಪ್ಪ ಒಮ್ಮೆ ಕೇಳಿದನಂತೆ.

“ಯಾರು ಮೊದಲ ಬರ್ತಾರೋ ಅವರು ಕುಂದರ್ಲಿ” ಅಂದಳಂತೆ ಆಕೆ.