ಕೆಳಗೆ ಇಳಿದ ಆಮ್ಲ

"ಗುರುಗಳೇ, ನನ್ನಲ್ಲಿ ಸಿಟ್ಟು ಉಳಿದಿಲ್ಲ ಎಂದು ನಾನು ಹೇಗೆ ತಿಳಿಯಲಿ?" ಎಂದು ಸಂಗಯ್ಯ ಕೇಳಿದ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಸಿಟ್ಟು ಹೋದ ದಿನ ದೀಕ್ಷೆ ಎಂದು ಗುರುಗಳು ಮೊದಲೇ ಹೇಳಿದ್ದರು.

"ಉಳಿದಿಲ್ಲ ಎಂದು ನಿನಗೇಕೆ ಅನ್ನಿಸಿತು?"

"ನಿನ್ನೆ ಊಟಕ್ಕೆ ಕೂತಾಗ ಅಡುಗೆಯ ನಾಗವ್ವ ಎಲ್ಲರೆದುರು ಬೈದಳು. 'ಒಂದು ಕೊಡ ನೀರು ತರಲಾರದವನು ದೀಕ್ಷೆ ತಗೊಂಡು ಯಾರನ್ನು ಉದ್ಧಾರ ಮಾಡ್ತೀಯಪ್ಪಾ?' ಅಂದಳು. ನಾನು ಒಂದು ಮಾತೂ ಆಡಲಿಲ್ಲ. ನಕ್ಕೆ. ಅರ್ಧ ಊಟಕ್ಕೇ ಎದ್ದು, ಕೈ ತೊಳೆದುಕೊಂಡು ಧ್ಯಾನಕ್ಕೆ ಕೂತೆ."

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಖನಿಜ ತೈಲವನ್ನು ಶುದ್ಧ ಮಾಡಿಸಿ ಮಾರುತ್ತಿದ್ದ. ನೆಲದಡಿಯಿಂದ ಬರುವಾಗ ಅದು ಕಪ್ಪು. ಶುದ್ಧವಾದ ಮೇಲೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಡಲೆಕಾಯಿ ಎಣ್ಣೆಯಂತೆ ಕಮಟು ಹಿಡಿಯುವುದಿಲ್ಲ. ಹೊಲಿಗೆ ಯಂತ್ರಕ್ಕೆ ಬಿಟ್ಟರೆ ಬಟ್ಟೆಗೆ ಕಲೆಯಾಗುವುದಿಲ್ಲ. ಅಷ್ಟು ವರ್ಷ ಯಂತ್ರಗಳಿಗೆ ಮಾರಿದವನು, ಇನ್ನು ಎಳೆಗೂಸುಗಳ ಮೈಗೆ ಹಚ್ಚುವುದಕ್ಕೂ ಕೊಡಬೇಕೆಂದು ಆಸೆಪಟ್ಟ. ಅದಕ್ಕೆ ಪರೀಕ್ಷಕಿಯ ಒಪ್ಪಿಗೆ ಬೇಕು.

"ನೋಡಿ ತಾಯಿ, ನೀರಿಗಿಂತ ತಿಳಿ. ಇನ್ನೇನು ಪರೀಕ್ಷೆ? ಮೊಹರು ಒತ್ತಿಬಿಡಿ" ಎಂದ.

ಅವಳು ಗಾಜಿನ ನಳಿಗೆಯಲ್ಲಿ ಆ ಎಣ್ಣೆಯನ್ನೂ ಅಷ್ಟೇ ಅಳತೆಯ ಗಂಧಕಾಮ್ಲವನ್ನೂ ಹಾಕಿದಳು. ಬಿಸಿನೀರಿನಲ್ಲಿಟ್ಟು, ಹತ್ತು ನಿಮಿಷ ಆಗಾಗ ಕುಲುಕಿದಳು. ಆಮೇಲೆ ನಿಲ್ಲಲು ಬಿಟ್ಟಳು. ಎಣ್ಣೆ ಮೇಲೆ ನಿಂತಿತು. ಆಮ್ಲ ಕೆಳಗೆ ಇಳಿಯಿತು. ಎಣ್ಣೆ ಮೊದಲಿನಂತೆಯೇ ಇತ್ತು.

ವ್ಯಾಪಾರಿ ಹಿಗ್ಗಿದ. "ಚರ್ಮ ಸುಡುವ ಆಮ್ಲ! ನನ್ನ ಎಣ್ಣೆ ಬಣ್ಣ ಬದಲಿಸಿತೇ, ಹೇಳಿ?"

"ನಿಮ್ಮ ಎಣ್ಣೆಯನ್ನು ನಾನು ನೋಡುತ್ತಲೇ ಇಲ್ಲ, ಯಜಮಾನರೇ. ಕೆಳಗೆ ನೋಡಿ. ನಾನು ಹಾಕಿದಾಗ ತಿಳಿಯಾಗಿದ್ದ ಆಮ್ಲ ಈಗ ಕಾಫಿ ಡಿಕಾಕ್ಷನ್ನಿನಂತಿದೆ."

"ಆಮ್ಲವೇ ಕೆಟ್ಟಿರಬೇಕು."

ಅವಳು ಅದೇ ಸೀಸೆಯ ಆಮ್ಲವನ್ನು ಬೇರೊಬ್ಬರ ಎಣ್ಣೆಗೆ ಹಾಕಿ, ಅಷ್ಟೇ ಹೊತ್ತು ಕುಲುಕಿ, ಅವನ ಮುಂದೆ ಹಿಡಿದಳು. ಮೇಲೆ ಎಣ್ಣೆ, ಕೆಳಗೆ ಆಮ್ಲ, ಎರಡೂ ತಿಳಿಯಾಗಿದ್ದವು.

"ಕಣ್ಣಿಗೆ ಕಾಣದ ಕೊಳೆ ನಿಮ್ಮದರಲ್ಲಿ ಉಳಿದು ಆಮ್ಲವನ್ನು ಕಪ್ಪು ಮಾಡಿದೆ. ಇದನ್ನು ಕೂಸಿನ ಮೈಗೆ ಕೊಡಲಾರೆ" ಎಂದಳು.

ವ್ಯಾಪಾರಿ ಪೀಪಾಯಿಗಳನ್ನು ಮತ್ತೆ ಶುದ್ಧ ಮಾಡಿಸಲು ಹೊರಿಸಿಕೊಂಡು ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆದರೆ ಗುರುಗಳೇ, ನಾನು ನಕ್ಕೆನಲ್ಲ? ನನಗೆ ಏನೂ ಆಗಲಿಲ್ಲವಲ್ಲ?"

"ನಿನ್ನ ವಿಷಯ ಬಿಡು, ನೀನು ಎದ್ದು ಹೋದ ಮೇಲೆ ನಾಗವ್ವ ಊಟ ಮಾಡಿದಳೇ?"

ಸಂಗಯ್ಯ ಎದ್ದು ಅಡುಗೆಮನೆಯ ಕಡೆ ನಡೆದ.