ಪಾಠದ ಹೊತ್ತಿನ ಬಿಸಿನೀರು

"ಗುರುಗಳೇ, ನಿಮ್ಮ ಸೇವೆಯಲ್ಲಿ ನಾನು ಯಾವ ಕೊರತೆಯನ್ನೂ ಮಾಡಿಲ್ಲ. ಆದರೂ ನಿಮ್ಮ ಮಾತು ನನ್ನೊಳಗೆ ತುಂಡುತುಂಡಾಗಿ ಇಳಿಯುತ್ತದೆ. ಅಡ್ಡ ಬರುತ್ತಿರುವವರು ಯಾರು? ಪಕ್ಕದಲ್ಲಿ ಕೂತು ಕೆಮ್ಮುವವರೋ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಗೃಹಸ್ಥನಿದ್ದ. ಯಾವ ಊರು ಎಂದು ಕೇಳಬೇಡ. ಹೋದ ಸಲ ಹೇಳುವಾಗ ದಾವಣಗೆರೆ ಎಂದಿದ್ದೆ, ಅದಕ್ಕೂ ಮೊದಲು ಮೈಸೂರು. ಎರಡು ಸಲವೂ ಕೇಳಿದವರು ನಂಬಿದರು.

ಅವನ ಹೆಂಡತಿ ಮನೆಯಲ್ಲೇ ಕೂತು ವೈಫೈ ಮೂಲಕ ಸಂಗೀತ ಕಲಿಸುತ್ತಿದ್ದಳು. ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ನೆಟ್ ಕುಂಟುತ್ತಿತ್ತು. "ಮಿಸ್, ನಿಮ್ಮ ಬಾಯಿ ತೆರೆದೇ ಇದೆ, ಹಾಡು ಬರ್ತಿಲ್ಲ" ಎಂದು ಮಕ್ಕಳು ನಗುತ್ತಿದ್ದರು. ನಕ್ಕವರು ಒಬ್ಬೊಬ್ಬರಾಗಿ ಬೇರೆ ಮಿಸ್ ಹುಡುಕಿಕೊಂಡರು. "ಹೀಗೇ ಆದರೆ ಈ ತಿಂಗಳಿಗೆ ಪಾಠ ನಿಲ್ಲಿಸಿಬಿಡ್ತೀನಿ" ಎಂದಳು ಹೆಂಡತಿ. ಅವಳಿಗೆ ಇದ್ದದ್ದು ಅದೊಂದೇ ಕೆಲಸ, ಅದೊಂದೇ ಸಂತೋಷ.

ಗೃಹಸ್ಥ ಹೆಂಡತಿಯನ್ನು ಪ್ರೀತಿಸುವವನು. ಪಾಠದ ಹೊತ್ತಿಗೆ ಅವಳ ಗಂಟಲಿಗೆಂದು ಲೋಟದಲ್ಲಿ ಬಿಸಿನೀರು ತಂದಿಡುತ್ತಿದ್ದ. ಅವಳು ಹಾಡುತ್ತಿರುವಾಗ ಅದು ಆರುತ್ತಿತ್ತು. ಆರಿದ್ದನ್ನು ಒಯ್ದು ಮತ್ತೆ ಮೈಕ್ರೋವೇವ್ ಓವನ್ನಿನಲ್ಲಿಟ್ಟು ಕಾಯಿಸುತ್ತಿದ್ದ. ಪಾಠ ಮುಗಿಯುವವರೆಗೂ ಇದೇ ಸೇವೆ.

ನೆಟ್ ಸರಿಪಡಿಸಲು ಅವನು ಮಾಡದ್ದಿಲ್ಲ. ರೂಟರನ್ನು ಆರಿಸಿ ಹಚ್ಚಿದ. ಹೊಸದನ್ನು ತಂದ. ವೇಗ ಹೆಚ್ಚಿಸಿಕೊಂಡ. ಕೊನೆಗೆ ಅವನ ಅನುಮಾನ ಮೇಲಿನ ಮನೆಯ ಪಾತ್ರೆ ವ್ಯಾಪಾರಿಯ ಮೇಲೆ ಹೋಯಿತು. ವ್ಯಾಪಾರಿ ಸಂಜೆಯಾದರೆ ಟಿವಿಯಲ್ಲಿ ಸಿನಿಮಾ ಹಾಕುತ್ತಿದ್ದ. ನೆಟ್ ಕದಿಯದೆ ಅಷ್ಟು ಸಿನಿಮಾ ಎಲ್ಲಿಂದ ಬರಬೇಕು? ಗೃಹಸ್ಥ ಪಾಸ್‌ವರ್ಡ್ ಬದಲಿಸಿ, ತನ್ನ ವೈಫೈಗೆ 'ಮೇಲ್ಮನೆ ಕಳ್ಳನಿಗೆ ಪ್ರವೇಶವಿಲ್ಲ' ಎಂದು ಹೆಸರಿಟ್ಟ. ಮರುದಿನ ವ್ಯಾಪಾರಿಯ ವೈಫೈಗೆ 'ನಿನ್ನ ಆಮೆ ನೆಟ್ ಯಾರಿಗೆ ಬೇಕು' ಎಂಬ ಹೆಸರು ಬಂತು. ಆಮೇಲೆ ಅಪಾರ್ಟ್‌ಮೆಂಟಿನವರು ಬೆಳಿಗ್ಗೆ ಎದ್ದು ಪೇಪರ್ ಬಿಟ್ಟು ಫೋನಿನಲ್ಲಿ ಈ ಹೆಸರುಗಳನ್ನೇ ಓದತೊಡಗಿದರು.

ಜಗಳ ಅಸೋಸಿಯೇಷನ್ ಮೀಟಿಂಗಿಗೆ ಹೋಯಿತು. ಮೀಟಿಂಗ್ ನಡೆದದ್ದು ಪಾಠದ ಹೊತ್ತಿನಲ್ಲೇ. ಇಬ್ಬರೂ ಗಂಟಲು ಕಟ್ಟುವಷ್ಟು ಕೂಗಾಡಿದರು. ಗೃಹಸ್ಥ ಮನೆಗೆ ಬಂದಾಗ ಹೆಂಡತಿಯ ಮುಖ ಅರಳಿತ್ತು.

"ಇವತ್ತು ಒಂದು ಸಲವೂ ಕಟ್ ಆಗಲಿಲ್ಲ!"

"ನೋಡಿದೆಯಾ! ಕಳ್ಳ ಮೀಟಿಂಗಿನಲ್ಲಿದ್ದ. ಕದಿಯೋಕೆ ಪುರುಸೊತ್ತೆಲ್ಲಿ?"

"ಅವರೊಬ್ಬರು ಮೀಟಿಂಗಿಗೆ ಬಂದಿದ್ರು, ಅವರ ಮನೆಯವರೆಲ್ಲ ಮೇಲೇ ಇದ್ರು ಕಣ್ರೀ. ಮೇಲಿಂದ ಸಿನಿಮಾದ ಹೊಡೆದಾಟ ಕೇಳಿಸ್ತಾನೇ ಇತ್ತು. ಇವತ್ತು ಓಡದೆ ಇದ್ದದ್ದು ನಮ್ಮ ಓವನ್ ಒಂದೇ."

ಗೃಹಸ್ಥ ಅಡುಗೆಮನೆಗೆ ಹೋದ. ಕರೆಂಟಿನ ವಸ್ತುಗಳೆಲ್ಲ ಆಗ್ನೇಯ ಮೂಲೆಯಲ್ಲಿರಬೇಕೆಂದು ವಾಸ್ತು ನೋಡುವವರು ಹೇಳಿದ್ದರು. ಆದ್ದರಿಂದ ಓವನ್ ಆ ಮೂಲೆಯಲ್ಲಿತ್ತು, ಓವನ್ನಿನ ತಲೆಯ ಮೇಲೆ ರೂಟರ್ ಕೂತಿತ್ತು. ಫೋನಿನಲ್ಲಿ ವೈಫೈ ಮೂಲಕ ಒಂದು ಹಾಡು ಹಚ್ಚಿ ಓವನ್ನಿನ ಗುಂಡಿ ಒತ್ತಿದ. ಹಾಡು ನಿಂತಿತು. ಆರಿಸಿದ. ಹಾಡು ಮುಂದುವರಿಯಿತು. ಓವನ್ನಿನ ಅಲೆ, ವೈಫೈ ಅಲೆ ಎರಡೂ ಒಂದೇ ಬಳಗದವು. ದೊಡ್ಡದು ಕೂಗುವಾಗ ಚಿಕ್ಕದು ಯಾರಿಗೂ ಕೇಳಿಸದು.

ಗೃಹಸ್ಥ ವಾಸ್ತುವನ್ನು ಬದಿಗಿಟ್ಟು ರೂಟರನ್ನು ಹಾಲ್‌ಗೆ ತಂದ. ವೈಫೈಯ ಹೆಸರನ್ನೂ ಬದಲಿಸಿದ. ಅಪಾರ್ಟ್‌ಮೆಂಟಿನವರಿಗೆ ಬೇಸರವಾಯಿತು. ಪಾಠ ನಿಲ್ಲಲಿಲ್ಲ. ಬಿಟ್ಟುಹೋದ ಮಕ್ಕಳಲ್ಲಿ ಕೆಲವರು ಮರಳಿ ಬಂದರು. ಎಲ್ಲರೂ ಬಂದರು ಎಂದೂ ನಾನು ಹೇಳಿದ್ದುಂಟು, ಅದು ಸ್ವಲ್ಪ ಹೆಚ್ಚಾಯಿತು.

ಶಿಷ್ಯ ನಿಟ್ಟುಸಿರು ಬಿಟ್ಟ. "ಅರ್ಥವಾಯಿತು, ಗುರುಗಳೇ. ಹಾಗಾದರೆ ಅವನು ಬಿಸಿನೀರಿನ ಸೇವೆಯನ್ನು ಬಿಟ್ಟ, ಅಲ್ಲವೇ?"

ಗುರುಗಳು ಹೇಳಿದರು: "ಇಲ್ಲಪ್ಪ, ಈಗ ಒಲೆಯ ಮೇಲೆ ಕಾಯಿಸಿ ತಂದಿಡುತ್ತಾನೆ, ಅವಳಿಗೆ ಬಿಸಿನೀರು ಬೇಕೇ ಎಂದು ಮಾತ್ರ ಇವತ್ತಿಗೂ ಕೇಳಿಲ್ಲ."